ಸೊಸೆಯ ದೂರು, ಠಾಣೆಯಿಂದ ಫೋನು: ಮೊದಲು ಏನು ಮಾಡಬೇಕು?

ನಿವೃತ್ತ ಮೇಷ್ಟ್ರು, ಪಾಂಡವಪುರ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಮನೆಯ ಮಾತನ್ನು ಹೀಗೆ ಹೊರಗಿಡಲು ಸಂಕೋಚವಾಗುತ್ತಿದೆ, ಆದರೆ ಊರಿನಲ್ಲಿ ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಿರುವುದರಿಂದ ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ನನಗೆ 66 ವರ್ಷ, ನನ್ನ ಹೆಂಡತಿಗೆ 61. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡು ಎಕರೆ ಕಬ್ಬು ಇದೆ, ಪಿಂಚಣಿ ಬರುತ್ತದೆ. ಮಗ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದಾನೆ. 2020ರ ಫೆಬ್ರವರಿಯಲ್ಲಿ ಮೈಸೂರಿನ ಹುಡುಗಿಯೊಡನೆ ಮದುವೆಯಾಯಿತು. ನಾಲ್ಕು ವರ್ಷದ ಹೆಣ್ಣು ಮಗುವಿದೆ. ಕಳೆದ ದೀಪಾವಳಿಗೆ ಮಗುವನ್ನು ಕರೆದುಕೊಂಡು ತವರಿಗೆ ಹೋದ ಸೊಸೆ ಹಿಂದಿರುಗಲಿಲ್ಲ. ಹೋದ ವಾರ ಮೈಸೂರಿನ ಠಾಣೆಯೊಂದರಿಂದ ಫೋನು ಮಾಡಿ, ನಿಮ್ಮ ಮಗ, ನೀವು, ನಿಮ್ಮ ಹೆಂಡತಿ ಮತ್ತು ಹಾಸನದಲ್ಲಿರುವ ನಿಮ್ಮ ಮಗಳು, ನಾಲ್ವರ ಮೇಲೂ ವರದಕ್ಷಿಣೆ ಕಿರುಕುಳದ ದೂರು ಬಂದಿದೆ, ನಾಳೆ ಬೆಳಿಗ್ಗೆ ವಿಚಾರಣೆಗೆ ಬನ್ನಿ ಎಂದರು. ನಾನು ಎರಡು ದಿನ ಕಾಲಾವಕಾಶ ಕೇಳಿಕೊಂಡಿದ್ದೇನೆ. ಮಗಳು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2016ರಲ್ಲಿ ಮದುವೆಯಾಗಿ ಹೋದವಳು, ಹಬ್ಬಕ್ಕೆ ಬಿಟ್ಟರೆ ನಮ್ಮ ಮನೆಗೆ ಬಂದು ಉಳಿದವಳಲ್ಲ. ಅವಳ ಕೆಲಸಕ್ಕೆ ಏನಾಗುತ್ತದೋ ಎಂಬುದೇ ನನ್ನ ಹೆಂಡತಿಯ ನಿದ್ದೆ ಕೆಡಿಸಿದೆ.

ಒಂದು ಮಾತನ್ನು ಮುಚ್ಚಿಟ್ಟು ಸಲಹೆ ಕೇಳುವುದು ಸರಿಯಲ್ಲ. 2023ರ ಯುಗಾದಿಯ ದಿನ ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರಿಗೇ, ಮಗ ಸೊಸೆಯ ಕೆನ್ನೆಗೆ ಹೊಡೆದ. ನಾನು ಗದರಿಸಿದೆ, ಆದರೆ ಅವಳ ತಂದೆಗೆ ತಿಳಿಸಲಿಲ್ಲ. ಸೈಟು ಕೊಳ್ಳಲು ಅವಳ ತವರಿನಿಂದ ಐದು ಲಕ್ಷ ಕೇಳಿದ್ದೂ ನಿಜ. ಸಾಲವಾಗಿ ಕೇಳಿದ್ದು ಎಂದು ಮಗ ಹೇಳುತ್ತಾನೆ. ಒಡವೆಗಳು ನಮ್ಮ ಬಳಿ ಭದ್ರವಾಗಿವೆ.

ಇನ್ನು ಊರಿನವರ ಸಲಹೆಗಳು. ಹತ್ತು ಲಕ್ಷ ಕೊಟ್ಟು ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿಕೊಂಡರೆ ಕೇಸೂ ಹೋಗುತ್ತದೆ, ಮಗನಿಗೆ ಬೇರೆ ಮದುವೆಯೂ ಮಾಡಬಹುದು ಎನ್ನುತ್ತಾರೆ ಯಜಮಾನರು. ಜಮೀನನ್ನು ಈಗಲೇ ಮಗಳ ಹೆಸರಿಗೆ ದಾನಪತ್ರ ಮಾಡಿಬಿಡಿ, ಪಹಣಿಯಲ್ಲಿ ಮಗನ ವಾಸನೆಯೇ ಇರಬಾರದು ಎನ್ನುತ್ತಾನೆ ನನ್ನ ತಮ್ಮ. ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಿದರೆ ಸೊಸೆ ಮನೆಗೆ ಕಾಲಿಡದಂತೆ ಮಾಡಬಹುದು ಎಂದವರೊಬ್ಬರು. ಶಾಲೆ ಬಿಡುವ ಹೊತ್ತಿಗೆ ಹೋಗಿ ಮಗುವನ್ನು ಕರೆತನ್ನಿ, ಆಮೇಲೆ ಅವರೇ ದಾರಿಗೆ ಬರುತ್ತಾರೆ ಎಂದವರು ಇನ್ನೊಬ್ಬರು. ಇವುಗಳಲ್ಲಿ ಯಾವುದು ಸರಿ? ಫೋನಿನಲ್ಲಿ ಕರೆದರೆ ಹೋಗಲೇಬೇಕೇ? ನಮ್ಮನ್ನು ಬಂಧಿಸುತ್ತಾರೆಯೇ?

ಕಬ್ಬಿನ ಗದ್ದೆ, ಮದ್ದೂರು:

ಮೇಷ್ಟ್ರೇ, ನಿಮ್ಮ ಜಾಗದಲ್ಲಿ ನಾವು 2016ರಲ್ಲಿ ನಿಂತಿದ್ದೆವು. ನನ್ನ ಮೇಲೆ, ತಂದೆ ತಾಯಿಯ ಮೇಲೆ, ಅಣ್ಣ ಅತ್ತಿಗೆಯ ಮೇಲೆ ದೂರಾಗಿತ್ತು. ಆರು ವರ್ಷ ವಾಯಿದೆಗೆ ಅಲೆದು ಎಲ್ಲರೂ ಖುಲಾಸೆಯಾದೆವು. ಆ ಆರು ವರ್ಷದಲ್ಲಿ ನನ್ನ ತಾಯಿ ಬೆಳಗಿನ ರೈಲು ಹಿಡಿದು ಮೈಸೂರಿಗೆ ಹೋಗಿ, ನ್ಯಾಯಾಲಯದ ಜಗಲಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತು, ಹೆಸರು ಕೂಗಿದಾಗ ಒಳಗೆ ಹೋಗಿ ಕೈಮುಗಿದು ಹೊರಗೆ ಬಂದದ್ದಕ್ಕೆ ಲೆಕ್ಕವಿಲ್ಲ. ವಯಸ್ಸಾದವರಿಗೆ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಬಹುದು ಎಂದು ನಮಗೆ ಮೂರನೆಯ ವರ್ಷದಲ್ಲಿ ಗೊತ್ತಾಯಿತು. ನೀವು ಮೊದಲ ದಿನವೇ ಕೇಳಿರಿ.

ಬಂಧನಕ್ಕೆ ಹೆದರಬೇಡಿ. ಹೊಸ ಕಾನೂನಿನ ಪ್ರಕಾರ 60 ವರ್ಷ ದಾಟಿದವರನ್ನು ಡಿವೈಎಸ್‌ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಅವರು ಜೀವನಾಂಶದ ಅರ್ಜಿ ಹಾಕುವ ಮೊದಲೇ ನಿಮ್ಮ ಮಗನಿಂದ ಒಂದು ವಿಚ್ಛೇದನದ ಅರ್ಜಿ ಹಾಕಿಸಿಬಿಡಿ. ಮೊದಲು ಹೋದವರ ಮಾತಿಗೆ ಬೆಲೆ ಹೆಚ್ಚು. ಬಿಡುಗಡೆ ಪತ್ರದ ಸಹವಾಸ ಮಾತ್ರ ಬೇಡ.

ವಕೀಲ, ಮಂಡ್ಯ:

ಮದ್ದೂರಿನವರು ತಮ್ಮ ಅನುಭವದಿಂದ ಹೇಳಿದ ಎರಡು ಮಾತು ಸರಿ, ಎರಡು ಮಾತು ತಿದ್ದಬೇಕಾದವು. ಮೊದಲು ತಿದ್ದಬೇಕಾದ್ದನ್ನು ಹೇಳುತ್ತೇನೆ, ಏಕೆಂದರೆ ಅದನ್ನು ನಂಬಿಕೊಂಡು ಮೇಷ್ಟ್ರು ಸುಮ್ಮನೆ ಕುಳಿತರೆ ತೊಂದರೆಯಾದೀತು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(7)ನೇ ಕಲಮಿನಲ್ಲಿ 60 ದಾಟಿದವರ ಮಾತು ಬರುವುದು ನಿಜ. ಆದರೆ ಆ ರಕ್ಷಣೆ ಇರುವುದು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ. ಗಂಡ ಮತ್ತು ಅವನ ಬಂಧುಗಳು ಹೆಂಡತಿಗೆ ಕೊಡುವ ಕಿರುಕುಳದ ಕಲಮು ಹಳೆಯ ದಂಡ ಸಂಹಿತೆಯ 498ಎ. ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿರುವ ಈ ಅಪರಾಧಕ್ಕೆ 3 ವರ್ಷದವರೆಗೆ ಶಿಕ್ಷೆಯಿದೆ. 'ಮೂರು ವರ್ಷದವರೆಗೆ' ಎಂಬುದೂ 'ಮೂರು ವರ್ಷಕ್ಕಿಂತ ಕಡಿಮೆ' ಎಂಬುದೂ ಒಂದೇ ಅಲ್ಲ. ಈ ಕೂದಲೆಳೆಯ ವ್ಯತ್ಯಾಸದಲ್ಲಿ ನಿಮ್ಮ ರಕ್ಷಣೆ ಜಾರಿಹೋಗುತ್ತದೆ. ಜೊತೆಗೆ ಇದು ಜಾಮೀನು ರಹಿತ ಅಪರಾಧ.

ಹಾಗಾದರೆ ಧೈರ್ಯಕ್ಕೆ ಆಧಾರ ಯಾವುದು? ಅದೇ 35ನೇ ಕಲಮಿನ 3ನೇ ಉಪಕಲಮು. 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವೇಕೆ ಎಂಬುದಕ್ಕೆ ಪೊಲೀಸರು ಕಾರಣ ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ಲಿಖಿತ ನೋಟೀಸು ಕೊಡಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಹೇಳಿದ್ದು 498ಎ ಬಗ್ಗೆಯೇ. ನೋಟೀಸಿನಂತೆ ಹಾಜರಾಗಿ ಸಹಕರಿಸುತ್ತಿರುವವರನ್ನು ವಿಶೇಷ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ನೋಟೀಸು ತೆಗೆದುಕೊಂಡು ಹೋಗದೆ ಉಳಿದರೆ ಆ ರಕ್ಷಣೆ ನೀವಾಗಿಯೇ ಕಳೆದುಕೊಂಡಂತೆ. ಫೋನಿನ ಕರೆ ಈ ನೋಟೀಸಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದೂ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಫೋನನ್ನು ಕಡೆಗಣಿಸಬೇಡಿ. ಕರೆದವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ, ಬರುತ್ತೇವೆ, ದಯವಿಟ್ಟು ಲಿಖಿತ ನೋಟೀಸು ಕೊಡಿ ಎಂದು ವಿನಯದಿಂದಲೇ ಹೇಳಿ.

ಈಗ ಅವರ ಬಳಿ ಇರುವುದು ಬರೀ ಅರ್ಜಿಯೋ, ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ದಾಖಲಾಗಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ದಾಂಪತ್ಯದ ವ್ಯಾಜ್ಯಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದೆಂದು 2013ರ ಲಲಿತಾ ಕುಮಾರಿ ತೀರ್ಪು ಒಪ್ಪಿದೆ. ಈಗಿನ ಸಂಹಿತೆಯ 173(3)ನೇ ಕಲಮು ಅದಕ್ಕೆ ಡಿವೈಎಸ್‌ಪಿ ಅನುಮತಿ ಮತ್ತು 14 ದಿನಗಳ ಮಿತಿ ಇಟ್ಟಿದೆ. ನಿಮ್ಮನ್ನು ಕರೆದಿರುವುದು ಈ ಹಂತದಲ್ಲಿ ಇರಬಹುದು. ಆಗ ಠಾಣೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುತ್ತಾರೆ, ಕೊನೆಗೆ ಒಂದು ಮುಚ್ಚಳಿಕೆ ಬರೆದುಕೊಡಿ ಎನ್ನುತ್ತಾರೆ. ಇಷ್ಟು ಹಣ ಇಂಥ ದಿನ ಕೊಡುತ್ತೇವೆ, ತಪ್ಪಾಯಿತು ಎಂಬಂಥ ಮುಚ್ಚಳಿಕೆಗೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಎಫ್‌ಐಆರ್ ಆದ ಮೇಲೆ ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗಂತೂ ಸಹಿ ಪಡೆಯಲೇಬಾರದು ಎಂದು 181ನೇ ಕಲಮು ಹೇಳುತ್ತದೆ.

ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ಅರ್ಜಿ ಹಾಕುವುದು ಒಳ್ಳೆಯದು, ಅದಕ್ಕೆ ಎಫ್‌ಐಆರ್ ಆಗಿರಲೇಬೇಕು ಎಂದಿಲ್ಲ, ಬಂಧನದ ಸಕಾರಣ ಭಯವಿದ್ದರೆ ಸಾಕು. ಹಳೆಯ 438 ಈಗ 482ನೇ ಕಲಮು. ನೀವು ಪಾಂಡವಪುರದವರಾದರೂ ದೂರು ಮೈಸೂರಿನದಾದ್ದರಿಂದ ಮೈಸೂರಿನ ಸೆಷನ್ಸ್ ನ್ಯಾಯಾಲಯಕ್ಕೇ ಹೋಗಬೇಕು. ದಂಪತಿ ವಾಸವಿದ್ದದ್ದು ಬೆಂಗಳೂರಿನಲ್ಲಿ, ಹೊಡೆದದ್ದು ಹಳ್ಳಿಯಲ್ಲಿ, ಮೈಸೂರಿನಲ್ಲಿ ದೂರು ಹೇಗೆ ಎಂದು ವಾದಿಸಿ ಸಮಯ ಕಳೆಯಬೇಡಿ. ಆಶ್ರಯ ಪಡೆದ ಊರಿನಲ್ಲೂ ಹೆಂಡತಿ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ತೀರ್ಪಿನಲ್ಲಿ ಇತ್ಯರ್ಥವಾಗಿದೆ. ಅರ್ಜಿಯಲ್ಲಿ ಮಗಳ ಹೆಸರು ಮೊದಲಿರಲಿ. ಸರ್ಕಾರಿ ನೌಕರರು 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತಾದಂತೆ ಎಂದು ಸೇವಾ ನಿಯಮವಿದೆ, ಅವರ ಭಯ ನಿಜವಾದದ್ದು. ದೂರವಿರುವ ನಾದಿನಿಯರ ಹೆಸರನ್ನು ನಿರ್ದಿಷ್ಟ ಕೃತ್ಯ ಹೇಳದೆ ಸೇರಿಸುವುದನ್ನು ಸುಪ್ರೀಂ ಕೋರ್ಟು 2022ರ ಕಹಕಶಾನ್ ಕೌಸರ್ ಪ್ರಕರಣದಲ್ಲೂ 2024ರ ಡಿಸೆಂಬರಿನ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲೂ ಒಪ್ಪಲಿಲ್ಲ. ಮಗಳ ಮಟ್ಟಿಗೆ ಪ್ರಕರಣ ರದ್ದುಪಡಿಸಲು ಮುಂದೆ ಬೆಂಗಳೂರಿನ ಹೈಕೋರ್ಟಿಗೆ 528ನೇ ಕಲಮಿನಡಿ ಹೋಗಬಹುದು. ನೆನಪಿಡಿ, ಆ ತೀರ್ಪುಗಳು ನಿಮ್ಮ ಮಗಳಿಗೆ ನೆರವಾಗುತ್ತವೆಯೇ ಹೊರತು ಕೆನ್ನೆಗೆ ಹೊಡೆದ ಮಗನಿಗಲ್ಲ.

ಎರಡನೆಯ ತಿದ್ದುಪಡಿ: ಮೊದಲು ವಿಚ್ಛೇದನ ಹಾಕಿದವರ ಮಾತಿಗೆ ಬೆಲೆ ಹೆಚ್ಚೆಂಬುದು ನ್ಯಾಯಾಲಯದ ಕಟ್ಟೆಯ ಮೇಲಿನ ನಂಬಿಕೆ. ಮಗನಿಗೆ ನಿಜವಾಗಿ ಬಿಡುವ ಮನಸ್ಸಿದೆಯೇ ಎಂದು ಕೇಳದೆ ಅರ್ಜಿ ಹಾಕಿದರೆ ರಾಜಿಯ ಬಾಗಿಲನ್ನು ನೀವೇ ಮುಚ್ಚಿದಂತೆ.

ಊರಿನವರ ನಾಲ್ಕು ಸಲಹೆಗಳಲ್ಲಿ ನಾಲ್ಕೂ ಬೇಡ. ಬಿಡುಗಡೆ ಪತ್ರದಿಂದ ಹಿಂದೂ ವಿವಾಹ ಮುರಿಯುವುದಿಲ್ಲ. ಹಾಗೆ ಬಿಡುವ ರೂಢಿ ನಮ್ಮಲ್ಲಿದೆ ಎಂದರೆ ಅದನ್ನು ಸಾಬೀತುಪಡಿಸುವ ಹೊರೆ ನಿಮ್ಮದಾಗುತ್ತದೆ, ಸಾಬೀತಾಗದಿದ್ದರೆ ಎರಡನೆಯ ಮದುವೆ ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಕೇಸೂ ಅದರಿಂದ ಹೋಗುವುದಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಇದು ಪಕ್ಷಗಾರರೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧವಲ್ಲ. ನಿಜವಾದ ರಾಜಿಯಾದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಷರತ್ತುಗಳನ್ನು ದಾಖಲಿಸಿ, ಹೈಕೋರ್ಟಿನಲ್ಲಿ ಪ್ರಕರಣ ರದ್ದು ಮಾಡಿಸಿಕೊಳ್ಳುವುದೇ ದಾರಿ. ಎಷ್ಟೋ ಮನೆಗಳಲ್ಲಿ ಹಣ ಪೂರ್ತಿ ಕೊಟ್ಟು, ಕೇಸು ಮುಗಿಯಿತೆಂದು ತಿಳಿದು, ನಾಲ್ಕು ವರ್ಷದ ನಂತರ ವಾರಂಟು ಬಂದಾಗ ನನ್ನ ಬಳಿ ಬಂದಿದ್ದಾರೆ. ಮಗಳಿಗೆ ದಾನಪತ್ರ ಮಾಡಿದರೆ ಜೀವನಾಂಶ ತಪ್ಪಿಸಲು ಮಾಡಿದ್ದೆಂದು ಅದನ್ನು ಪ್ರಶ್ನಿಸಬಹುದು, ಜೊತೆಗೆ ಈಗಾಗಲೇ ಹೆಸರು ಸಿಕ್ಕಿಕೊಂಡಿರುವ ಮಗಳನ್ನು ಇನ್ನಷ್ಟು ಎಳೆದಂತಾಗುತ್ತದೆ. ಹಿರಿಯ ನಾಗರಿಕರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕಿನ ವಿರುದ್ಧ ಗುರಾಣಿಯಾಗಿ ಬಳಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಬೆಂಗಳೂರಿನಿಂದಲೇ ಹೋದ ವನಿತಾ ಪ್ರಕರಣದಲ್ಲಿ. ಇನ್ನು ಶಾಲೆಯಿಂದ ಮಗುವನ್ನು ಕರೆತರುವ ಮಾತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು 1956ರ ಅಪ್ರಾಪ್ತ ವಯಸ್ಕರ ಪೋಷಕತ್ವದ ಕಾಯ್ದೆ ಹೇಳುತ್ತದೆ. ಶಾಲೆಯ ಬಾಗಿಲಲ್ಲಿ ನಿಂತ ಆ ಒಂದು ಮಧ್ಯಾಹ್ನದಿಂದ ನಿಮ್ಮ ಜಾಮೀನಿನ ಅರ್ಜಿಯೇ ಬಿದ್ದುಹೋದೀತು.

ಸರಸ್ವತಿಪುರಂ ನಿವಾಸಿ, ಮೈಸೂರು:

ನಾನು ಆ ಕಡೆಯಲ್ಲಿ ನಿಂತವಳು, ಹಾಗಾಗಿ ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಮೇಷ್ಟ್ರು ಯುಗಾದಿಯ ದಿನದ ಮಾತನ್ನು ತಾವಾಗಿಯೇ ಬರೆದದ್ದರಿಂದ ಉತ್ತರಿಸುತ್ತಿದ್ದೇನೆ.

ಸರ್, ನೀವು ಗದರಿಸಿದಿರಿ, ಸರಿ. ಆದರೆ ಆಮೇಲೆ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, ಇದು ಮೊದಲ ಸಲವೇನಮ್ಮ ಎಂದು ಕೇಳಿದಿರಾ? ಹೆತ್ತವರ ಎದುರಿಗೇ ಕೈ ಎತ್ತುವವನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಬಾಗಿಲು ಹಾಕಿದ ಮೇಲೆ ಹೇಗಿದ್ದ ಎಂಬುದು ನಿಮಗೆ ತಿಳಿಯದು. ದೂರಿನಲ್ಲಿ ನಿಮ್ಮ ಮಗಳ ಹೆಸರು ಬಂದದ್ದು ತಪ್ಪಿರಬಹುದು, ಅದು ಬಿಟ್ಟುಹೋಗಲಿ ಎಂದು ನಾನೂ ಬಯಸುತ್ತೇನೆ. ನನ್ನ ದೂರಿನಲ್ಲೂ, ಬರೆದುಕೊಟ್ಟವರು 'ಎಲ್ಲರ ಹೆಸರೂ ಇರಲಿ, ಆಗಲೇ ಅವರು ಬಗ್ಗುವುದು' ಎಂದು ಗಂಡನ ಚಿಕ್ಕಮ್ಮನ ಹೆಸರು ಸೇರಿಸಿದ್ದರು. ಓದಿ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಆ ಚಿಕ್ಕಮ್ಮ ನನಗೆ ಒಳ್ಳೆಯದನ್ನೇ ಮಾಡಿದ್ದರು. ಆದರೆ ಒಂದು ಹೆಸರು ತಪ್ಪಾದ ಮಾತ್ರಕ್ಕೆ ಇಡೀ ದೂರು ಸುಳ್ಳೆಂದು ಮನೆಯಲ್ಲಿ ಮಾತಾಡಿಕೊಳ್ಳಲು ಶುರುಮಾಡಬೇಡಿ.

ಮುಂದೆ ಬರಬಹುದಾದ್ದನ್ನೂ ತಿಳಿದಿರಿ. ಠಾಣೆಯ ದೂರು ಒಂದೇ ಅಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆಯಿದೆ, ಅದರ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ರಕ್ಷಣೆ, ವಾಸ, ಹಣ, ಮಗುವಿನ ಸುಪರ್ದಿ, ಪರಿಹಾರ ಎಲ್ಲವನ್ನೂ ಕೇಳಬಹುದು. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಬಾಳಿದ ಮನೆಯಾದರೆ ವಾಸದ ಹಕ್ಕು ಕೇಳಬಹುದು ಎಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪಿದೆ. ಇದು ಒಂದು ದಾರಿ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಳೆಯ 125ರಡಿ, ಜೀವನಾಂಶ ಇನ್ನೊಂದು ದಾರಿ. ನಾನು 2019ರಲ್ಲಿ ಅರ್ಜಿ ಹಾಕಿದೆ; ಮಧ್ಯಂತರ ಆದೇಶವಾಗಲು ಹದಿನಾಲ್ಕು ತಿಂಗಳಾಯಿತು. ನಡುವೆ 2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ತೀರ್ಪು ಬಂದು, ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕು ಎಂದಾಯಿತು. ಅದುವರೆಗೂ ತನಗೆ ಸಂಬಳವೇ ಇಲ್ಲವೆಂದು ಹೇಳುತ್ತಿದ್ದ ನನ್ನ ಗಂಡನ ಬ್ಯಾಂಕು ಖಾತೆ ಆಗ ಹೊರಬಂತು. ಕೊಡದೆ ಉಳಿಸಿದರೆ ವಸೂಲಿ ವಾರಂಟು, ಆಗಲೂ ಕೊಡದಿದ್ದರೆ ಬಾಕಿ ಇರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಸೆರೆಮನೆ. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. ಆದೇಶಕ್ಕೆ ಕಾಯದೆ ಈ ತಿಂಗಳಿಂದಲೇ ಮಗುವಿನ ಶಾಲೆಯ ಶುಲ್ಕ ಮತ್ತು ಒಂದಿಷ್ಟು ಖರ್ಚನ್ನು ಸೊಸೆಯ ಖಾತೆಗೆ ಹಾಕಿದರೆ ಯಾವ ವಕೀಲರ ವಾದಕ್ಕಿಂತಲೂ ಅದು ಅವನಿಗೆ ಸಹಾಯ ಮಾಡುತ್ತದೆ. ನಗದು ಬೇಡ, ಖಾತೆಗೇ ಹಾಕಲಿ.

ಇನ್ನೊಂದು. ನೀವು ಇಷ್ಟೆಲ್ಲ ವಿವರವಾಗಿ ಬರೆದು, ಒಡವೆಯ ಬಗ್ಗೆ ಮಾತ್ರ ಐದಾರು ಪದಗಳಲ್ಲಿ ಮುಗಿಸಿದ್ದೀರಿ. 'ನಮ್ಮ ಬಳಿ' ಎಂದರೆ ಯಾರ ಬಳಿ? ನೀವೇ ಕಣ್ಣಾರೆ ನೋಡಿ ಎಷ್ಟು ದಿನವಾಯಿತು?

ನಿವೃತ್ತ ಮೇಷ್ಟ್ರು, ಪಾಂಡವಪುರ ತಾಲ್ಲೂಕು:

ತಾಯೀ, ನಿಮ್ಮ ಕೊನೆಯ ಪ್ರಶ್ನೆಯನ್ನು ಓದಿ ಆ ರಾತ್ರಿಯೇ ಮಗನಿಗೆ ಫೋನು ಮಾಡಿದೆ. ಮೊದಲು ಲಾಕರಿನಲ್ಲಿದೆ ಎಂದ. ಬೀಗದ ಕೈ ತೆಗೆದುಕೊಂಡು ನಾಳೆಯೇ ಬಾ ಎಂದ ಮೇಲೆ ನಿಜ ಹೊರಬಂತು. ಮದುವೆಯಲ್ಲಿ ಅವಳ ತಂದೆ ಹಾಕಿದ 180 ಗ್ರಾಮಿನಲ್ಲಿ 110 ಗ್ರಾಂ ಲಾಕರಿನಲ್ಲಿದೆ. ಉಳಿದ 70 ಗ್ರಾಮನ್ನು, ಅಂದರೆ ಅವಳ ಕಾಸಿನ ಸರ ಮತ್ತು ನಾಲ್ಕು ಬಳೆಗಳನ್ನು, 2022ರಲ್ಲಿ ಸೈಟಿನ ಮುಂಗಡಕ್ಕೆಂದು ಸೊಸೈಟಿಯಲ್ಲಿ ಗಿರವಿ ಇಟ್ಟಿದ್ದಾನೆ. ಅವಳಿಗೆ ಹೇಳಿರಲಿಲ್ಲ. ಯುಗಾದಿಯ ಜಗಳ ಶುರುವಾದದ್ದು ಹಬ್ಬಕ್ಕೆ ಆ ಸರ ಹಾಕಿಕೊಳ್ಳಬೇಕೆಂದು ಅವಳು ಕೇಳಿದ್ದರಿಂದ ಎಂಬುದು ನನಗೆ ಈಗ ಗೊತ್ತಾಯಿತು. ನನ್ನ ಹೆಂಡತಿಗೆ ಗೊತ್ತಿತ್ತಂತೆ.

ನಿನ್ನೆ ಮನೆಗೇ ಬಂದು ನೋಟೀಸು ಕೊಟ್ಟರು, ಎಫ್‌ಐಆರ್ ಆಗಿದೆ. ಹಳೆಯ 498ಎ, ಹೊಸ 85, ಜೊತೆಗೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4ನೇ ಕಲಮು ಬರೆದಿದ್ದಾರೆ. ಹಳೆಯದೂ ಹೊಸದೂ ಎರಡೂ ಏಕೆ? ಸೋಮವಾರ ಹಾಜರಾಗಬೇಕು. ಗಿರವಿಯ ಮಾತು ಅವರು ಕೇಳಿದರೆ ನಾನು ಏನು ಹೇಳಲಿ? ಹೊಡೆದದ್ದನ್ನು ಕೇಳಿದರೆ? ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನು ನಾನು.

ವಕೀಲ, ಮಂಡ್ಯ:

ಮೊದಲು ಸಣ್ಣ ಪ್ರಶ್ನೆ. 2024ರ ಜುಲೈ 1ಕ್ಕೆ ಮೊದಲು ನಡೆದದ್ದಕ್ಕೆ ಹಳೆಯ ದಂಡ ಸಂಹಿತೆ, ಆನಂತರದ್ದಕ್ಕೆ ಹೊಸ ಸಂಹಿತೆ. ಯುಗಾದಿಯ ಘಟನೆ 2023ರದ್ದು, ಆಮೇಲಿನ ಆರೋಪಗಳೂ ಇರಬೇಕು. ಅದಕ್ಕೇ ಎರಡೂ ಬಂದಿವೆ. ತನಿಖೆಯ ಕ್ರಮ ಮಾತ್ರ ಪೂರ್ತಿ ಹೊಸದರ ಪ್ರಕಾರ. ವರದಕ್ಷಿಣೆ ಕಾಯ್ದೆಯ 3ನೇ ಕಲಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದಕ್ಕೆ ಕನಿಷ್ಠ ಶಿಕ್ಷೆಯೇ 5 ವರ್ಷ. ಆದ್ದರಿಂದ ಸೋಮವಾರಕ್ಕೆ ಮೊದಲೇ ಜಾಮೀನಿನ ಅರ್ಜಿ ಸಲ್ಲಿಕೆಯಾಗಲಿ.

ಈಗ ಚಿನ್ನದ ವಿಷಯ. ತವರಿನವರು ಹಾಕಿದ ಒಡವೆ ಸ್ತ್ರೀಧನ. ಗಂಡ ಅದಕ್ಕೆ ಪಾಲುದಾರನಲ್ಲ, ಬರೀ ನಂಬಿ ಕೊಟ್ಟಿದ್ದನ್ನು ಇಟ್ಟುಕೊಂಡವನು. ಹಿಂದಿರುಗಿಸದಿದ್ದರೆ ನಂಬಿಕೆ ದ್ರೋಹವಾಗುತ್ತದೆ ಎಂದು 1985ರ ಪ್ರತಿಭಾ ರಾಣಿ ತೀರ್ಪಿನಿಂದ ಇಂದಿನವರೆಗೆ ಸುಪ್ರೀಂ ಕೋರ್ಟು ಹೇಳುತ್ತಲೇ ಬಂದಿದೆ. ನಿಮ್ಮ ಎಫ್‌ಐಆರ್‌ನಲ್ಲಿ ಆ ಕಲಮು ಇಲ್ಲ ಎಂದರೆ ಗಿರವಿಯ ಸಂಗತಿ ಸೊಸೆಗೆ ಇನ್ನೂ ಗೊತ್ತಿಲ್ಲದಿರಬಹುದು. ಇದನ್ನು ನಿಮಗೆ ಅನುಕೂಲವೆಂದು ಭಾವಿಸಬೇಡಿ, ತನಿಖೆಯ ಮಧ್ಯೆ ಗೊತ್ತಾದರೆ ಅದನ್ನೂ ಸೇರಿಸುತ್ತಾರೆ. ಸಾಲ ಮಾಡಿಯಾದರೂ ಗಿರವಿ ಬಿಡಿಸಿ. ಬಿಡಿಸಿದ ರಸೀತಿ ಇಟ್ಟುಕೊಳ್ಳಿ. ಒಡವೆ ಕರಗಿಸುವುದು, ಬದಲಿಸಿ ಹೊಸದು ಕೊಡುವುದು, ಬಂಧುಗಳ ಕೈಯಲ್ಲಿ ಕಳಿಸುವುದು ಯಾವುದೂ ಬೇಡ. ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲದೆ ಕೊಟ್ಟರೆ ಕೊಡದಂತೆಯೇ. ಮದುವೆಯ ಫೋಟೋಗಳೊಡನೆ ತಾಳೆ ನೋಡಿ ಪಟ್ಟಿ ಮಾಡಿಸಿ, ತೂಕದ ಚೀಟಿಯೊಡನೆ ತನಿಖಾಧಿಕಾರಿಯ ಮುಂದೆ ಮಹಜರಿನ ಮೂಲಕ ಅಥವಾ ನ್ಯಾಯಾಲಯದಲ್ಲಿ ಮೆಮೋ ಸಲ್ಲಿಸಿ 180 ಗ್ರಾಮನ್ನೂ ಒಪ್ಪಿಸಬೇಕು.

ಠಾಣೆಯಲ್ಲಿ ಏನು ಹೇಳಬೇಕೆಂದು ಕೇಳಿದಿರಿ. ಸುಳ್ಳು ಹೇಳಬೇಡಿ, ಹೇಳುವ ಅಗತ್ಯವೂ ಇಲ್ಲ. ಆರೋಪಿಯಾದವನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕಾಗಿಲ್ಲ ಎಂಬುದು ಸಂವಿಧಾನದ 20(3)ನೇ ವಿಧಿ. ಮಗನ ಬಗ್ಗೆ ಕೇಳಿದ್ದಕ್ಕೆ, ಈ ಪ್ರಶ್ನೆಗೆ ನನ್ನ ವಕೀಲರ ಸಲಹೆಯಂತೆ ಈಗ ಉತ್ತರಿಸುವುದಿಲ್ಲ ಎನ್ನಬಹುದು, ಅದು ಅಸಹಕಾರವಲ್ಲ. ನಿಮ್ಮ ಹೆಸರು, ವಿಳಾಸ, ಮದುವೆಯ ದಿನಾಂಕ, ಒಡವೆ ಹಿಂದಿರುಗಿಸಲು ಸಿದ್ಧರಿದ್ದೇವೆ ಎಂಬ ಮಾತು, ಇವಕ್ಕೆ ಮರೆಮಾಚುವಂಥದ್ದೇನಿಲ್ಲ. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತರಿಗೂ ಉಂಟು, ನೀವು ಕರೆದುಕೊಂಡೇ ಹೋಗಿ. ಆದರೆ ಆ ವಕೀಲರಿಗೆ ಮಾತ್ರ ಎಲ್ಲವನ್ನೂ, ಕಾಸಿನ ಸರದಿಂದ ಹಿಡಿದು ಯುಗಾದಿಯ ಏಟಿನವರೆಗೆ, ಇದ್ದದ್ದು ಇದ್ದ ಹಾಗೆ ಹೇಳಿ. ಕಕ್ಷಿದಾರ ಹೇಳಿದ್ದನ್ನು ಅವರು ಬಹಿರಂಗಪಡಿಸುವಂತಿಲ್ಲ. ನಾವು ಸೋಲುವುದು ಹೆಚ್ಚಾಗಿ ಎದುರಾಳಿಯಿಂದಲ್ಲ, ನಮ್ಮ ಕಕ್ಷಿದಾರ ನಮಗೆ ಹೇಳದೆ ಬಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಂದಾಗ.

ಮಗನ ಫೋನಿನಲ್ಲಿರುವ ಸಂದೇಶಗಳನ್ನು ಯಾರೂ ಅಳಿಸಬಾರದು. ನಿಮ್ಮ ಹೆಂಡತಿಗೆ ಗಿರವಿ ಗೊತ್ತಿತ್ತೆಂಬುದನ್ನು ವಕೀಲರಿಗೆ ಹೇಳಿ, ಇಲ್ಲಿ ಮತ್ತೆ ಬರೆಯಬೇಡಿ.

ಕಬ್ಬಿನ ಗದ್ದೆ, ಮದ್ದೂರು:

60 ವರ್ಷದ ಮಾತನ್ನು ತಪ್ಪಾಗಿ ಹೇಳಿದ್ದಕ್ಕೆ ಕ್ಷಮೆಯಿರಲಿ, ನನಗೂ ಯಾರೋ ಹೇಳಿದ್ದನ್ನೇ ಹೇಳಿದ್ದೆ. ವಕೀಲರ ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ನಿಮ್ಮ ಹೆಂಡತಿಗೂ ಮಗಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಮಹಿಳೆಯರಿಗೆ ಆ ಹಕ್ಕು 1987ರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಅದೇ ಸಹಾಯ ನಿಮ್ಮ ಸೊಸೆಗೂ ಸಿಗುತ್ತದೆ ಎಂಬುದು ಬೇರೆ ಮಾತು.

ನಿವೃತ್ತ ಮೇಷ್ಟ್ರು, ಪಾಂಡವಪುರ ತಾಲ್ಲೂಕು:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾಯಿತು. ನಾಲ್ವರಿಗೂ ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಸಿಕ್ಕಿದೆ. ಮಗ ಮಾತ್ರ ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ಮಗಳ ಹೆಸರಿನ ಬಗ್ಗೆ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಸಿದ್ದೇವೆ. ಕಬ್ಬಿನ ಹಣ ಬರುವವರೆಗೆ ಕಾಯದೆ ನನ್ನ ತಮ್ಮನ ಬಳಿಯೇ ಸಾಲ ಪಡೆದು ಗಿರವಿ ಬಿಡಿಸಿದೆ, ದಾನಪತ್ರದ ಸಲಹೆ ಕೊಟ್ಟವನೇ ಮರುಮಾತಿಲ್ಲದೆ ಹಣ ಕೊಟ್ಟ. ಕೌಟುಂಬಿಕ ನ್ಯಾಯಾಲಯದಲ್ಲಿ ಸೊಸೆ ಜೀವನಾಂಶದ ಅರ್ಜಿ ಹಾಕಿದ್ದಾಳೆ, ಅಲ್ಲಿಂದ ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಮೊದಲ ದಿನ ಅವಳು ಮಗನ ಕಡೆ ನೋಡಲಿಲ್ಲ. ನನ್ನನ್ನು ಕಂಡು ಎದ್ದು ನಿಂತಳು. ನನಗೆ ಮಾತು ಹೊರಡಲಿಲ್ಲ. ಯುಗಾದಿಯ ದಿನ ನಿನ್ನ ತಂದೆಗೆ ನಾನು ತಿಳಿಸಬೇಕಿತ್ತಮ್ಮ ಎಂದಷ್ಟೇ ಹೇಳಿದೆ. ಹೀಗೆ ಹೇಳಿದ್ದು ಕೇಸಿಗೆ ತೊಂದರೆಯಾಗುತ್ತದೆಯೇ ಎಂದು ಆಮೇಲೆ ವಕೀಲರನ್ನು ಕೇಳಿದೆ, ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ, ನ್ಯಾಯಾಲಯದ ಮುಂದೆ ಹೋಗುವುದಿಲ್ಲ ಎಂದರು.

ಒಡವೆಯ ಮಹಜರು ಬರುವ ಗುರುವಾರ. ಒಂದೇ ಒಂದು ಸಂದೇಹ ಉಳಿದಿದೆ. ಲಾಕರಿನಲ್ಲಿ ಮೊಮ್ಮಗಳ ನಾಮಕರಣಕ್ಕೆ ನಾವೇ ಹಾಕಿದ ಉಡಿದಾರ, ಒಂದು ಜೊತೆ ಓಲೆ, ಬೆಳ್ಳಿಯ ಕಾಲ್ಗಡಗ ಇವೆ. ಅವು ಸೊಸೆಯ ತವರಿನವರು ಕೊಟ್ಟದ್ದಲ್ಲ, ಇಟ್ಟುಕೊಳ್ಳಿ ಎನ್ನುತ್ತಾನೆ ಮಗ.

ವಕೀಲ, ಮಂಡ್ಯ:

ಅವು ನಿಮ್ಮ ಮಗನದೂ ಅಲ್ಲ, ಸೊಸೆಯದೂ ಅಲ್ಲ, ಮಗುವಿನವು. ಮಗು ಯಾರ ಬಳಿ ಇದೆಯೋ ಅಲ್ಲಿಗೆ ಹೋಗಲಿ. ಪಟ್ಟಿಯಲ್ಲಿ 'ಮಗುವಿನ ಒಡವೆ' ಎಂದು ಬೇರೆ ಸಾಲಿನಲ್ಲಿ ಬರೆಸಿ, ತೂಕವನ್ನು ಬೇರೆಯಾಗಿ ಹಾಕಿಸಿ, 180 ಗ್ರಾಮಿನೊಳಗೆ ಸೇರಿಸಬೇಡಿ. ಗುರುವಾರ ಹೋಗುವಾಗ ಸೊಸೈಟಿಯ ರಸೀತಿಯ ಮೂಲಪ್ರತಿ ಮರೆಯಬೇಡಿ, ಮಹಜರಿನ ಒಂದು ನಕಲು ಅಲ್ಲಿಯೇ ಕೇಳಿ ಪಡೆಯಿರಿ.